ಹಳೇ ಮನೆ ಕಂಬದಿಂದ ನೋ ಮುಖವಾಡ: ನನ್ನ ಅನುಭವ

ಹಳೇ ಮನೆ ಕಂಬದ ಮರ ಅಂಟಿಸಿ ಒಂದು ನೋ ಮುಖವಾಡ ಕೆತ್ತಿದ್ದೆ (ನೋ ಅಂದ್ರೆ ಜಪಾನಿನ ಹಳೇ ಕಾಲದ ನಾಟಕ). ಎರಡು ಮಳೆಗಾಲ ಕಳೀತು, ಅಂಟಿಸಿದ ಜಾಗದಲ್ಲಿ ಒಂದು ಗೆರೆನೂ ಎದ್ದಿಲ್ಲ. ಅದಕ್ಕೇ ಈಗ ಬರೀತಿದೀನಿ. ಹೋದ ವರ್ಷ ಬರೆದಿದ್ರೆ ಮುಂದಿನ ಮಳೆಗೆ ಬಿರುಕು ಬಿಡುತ್ತೆ ನೋಡು ಅನ್ನೋರು ನಮ್ಮ ಕೆತ್ತನೆ ಕ್ಲಾಸಲ್ಲೇ ಆರೇಳು ಜನ ಇದ್ರು.

ನಾನಿರೋದು ಕ್ಯೋಟೊ ಪಕ್ಕದ ಉಜಿಯಲ್ಲಿ, ಹೊಟ್ಟೆಪಾಡಿಗೆ ಸಾಫ್ಟ್‌ವೇರ್, ಭಾನುವಾರ ಮಾತ್ರ ಉಳಿ. ಒಂಬತ್ತು ವರ್ಷ ಆಯ್ತು ಮುಖವಾಡ ಕೆತ್ತೋಕೆ ಶುರು ಮಾಡಿ. ಉಳಿ ಮಸೆಯೋದು, ಕಾಗದದ ಅಚ್ಚು ಇಟ್ಟು ಅಳತೆ ನೋಡೋದು ಇಂಥದ್ದೆಲ್ಲ ಇಲ್ಲಿ ಬರೆಯಲ್ಲ, ಕೆತ್ತೋರಿಗೆ ಗೊತ್ತಿರುತ್ತೆ. ನನಗೆ ಹೇಳ್ಬೇಕಿರೋದು ಮರದ ವಿಷಯ.

ನೋ ಮುಖವಾಡಕ್ಕೆ ಹಿನೋಕಿನೇ (ಜಪಾನಿನ ಸೈಪ್ರೆಸ್ ಮರ) ಆಗ್ಬೇಕು, ಅದರಲ್ಲೂ ಕಿಸೊ ಕಡೆಯದು, ಒಂದೇ ತುಂಡು ಅಂತ ಎಲ್ರೂ ಹೇಳ್ತಾರೆ. ನಾನೂ ಮೊದಲ ಕೊ-ಓಮೊತೆನ (ಹಣೆ ಮೇಲಕ್ಕೆ ಬರೆದ ಹುಬ್ಬು, ಕಪ್ಪು ಹಲ್ಲು ಇರೋ ಎಳೇ ಹುಡುಗಿ ಮುಖ) ಹಾಗೇ ಮಾಡಿದ್ದು, ತುಂಡಿಗೇ ಏಳೆಂಟು ಸಾವಿರ ಯೆನ್ ಕೊಟ್ಟಿದ್ದೆ. ಎರಡನೇ ಬೇಸಿಗೆಗೆ ಎಡಗಣ್ಣಿನ ಕೆಳಗೆ ಕಂದು ಕಲೆ ಬಂತು. ಒಳಗಿನ ರಾಳ, ಬಿಳಿ ಬಣ್ಣ ತೂರ್ಕೊಂಡು ಹೊರಗೆ ಬಂದಿತ್ತು. ಎಂಟು ತಿಂಗಳ ಕೆಲಸ ಹೋಯ್ತಲ್ಲ ಅಂತ ಅವತ್ತು ಊಟ ಸೇರಲಿಲ್ಲ. ಮರ ಕುದಿಸಿದ್ರೆ ರಾಳ ಬಿಡುತ್ತೆ ಅಂದ್ರು, ಎರಡನೇದನ್ನ ಕುದಿಸಿದೆ, ಅವಸರಕ್ಕೆ ಬಿಸಿಲಲ್ಲಿ ಒಣಗಿಸಿದೆ, ಗಲ್ಲದಿಂದ ಮೂಗಿನ ತನಕ ಸೀಳ್ತು. ಅದು ಪೂರ್ತಿ ನಂದೇ ತಪ್ಪು.

ಆಗ ನಮ್ಮ ಬೀದೀಲೇ ಅರವತ್ತು ಚಿಲ್ಲರೆ ವರ್ಷದ ಮನೆ ಒಂದನ್ನ ಕೆಡವ್ತಿದ್ರು. ಕಂಬ ಎಲ್ಲ ಹಿನೋಕಿ. ಅರವತ್ತು ವರ್ಷ ಮನೆಯೊಳಗೆ ನಿಂತ ಮರದಲ್ಲಿ ಓಡಾಡೋ ರಾಳ ಇನ್ನೆಷ್ಟು ಉಳಿದಿರುತ್ತೆ ಅನ್ನೋದೇ ನನ್ನ ಲೆಕ್ಕ. ಕೆಲಸದವರಿಗೆ ಒಂದು ಬಾಕ್ಸ್ ಕ್ಯಾನ್ ಕಾಫಿ ತಂದ್ಕೊಟ್ಟು (ಎರಡೂವರೆ ಸಾವಿರ ಯೆನ್ ಆಯ್ತೇನೋ) ಮೀಟರ್ ಉದ್ದದ ನಾಲ್ಕು ತುಂಡು ಹೊತ್ಕೊಂಡು ಬಂದೆ.

ಸೆನ್ಸೇ (ಕ್ಲಾಸಿನ ಗುರುಗಳು) ನೋಡಿ ತಲೆ ಅಲ್ಲಾಡಿಸಿದ್ರು. ಕಂಬದ ಅಗಲ 12 ಸೆಂಟಿಮೀಟರ್, ಕೀಸುಳಿ ಹಾಕಿದ್ಮೇಲೆ ಹನ್ನೊಂದೂವರೆ, ಕೊ-ಓಮೊತೆಗೆ ಬೇಕಿರೋದು ಎತ್ತರ 21, ಅಗಲ ಹದಿಮೂರೂವರೆ. ಅಂದ್ರೆ ಅಂಟಿಸ್ಲೇಬೇಕು. ನಾನು ಬ್ಯೋದೋಇನ್ ದೇವಾಲಯದ ಕಡೆ ಕೈ ತೋರಿಸ್ದೆ, ನಮ್ಮನೆಯಿಂದ ನಡೆದು ಹೋಗೋ ದೂರ, ಅಲ್ಲಿನ ಅಮಿದಾ ಬುದ್ಧನ್ನ ಜೋಚೊ ಅನ್ನೋ ಶಿಲ್ಪಿ 1053ರಲ್ಲಿ ಮರದ ತುಂಡುಗಳನ್ನ ಜೋಡಿಸಿಯೇ ಮಾಡಿದ್ದು, ಇವತ್ತಿಗೂ ಕೂತಿದೆ. ಅದಕ್ಕೆ ಸೆನ್ಸೇ, "ಆ ಬುದ್ಧನ ಒಳಗೆ ಯಾರೂ ಉಸಿರಾಡಲ್ಲ, ಮುಖವಾಡದ ಒಳಗೆ ಮನುಷ್ಯ ಇರ್ತಾನೆ" ಅಂದ್ರು. ಮಾತು ಸರಿನೇ. ನನ್ನ ತಲೇಲಿ ಕೂತಿದ್ದೂ ಅದೇ, ಉಸಿರಿನ ತೇವ, ಬೆವರು.

ನಾಲ್ಕರಲ್ಲಿ ಮೂರು ತುಂಡಿಗೆ ಸರೀ ನಡುವೆ ತಿರುಳು, ಹಿಂದಿನಿಂದ ತಿರುಳಿನ ತನಕ ಗರಗಸದ ಸೀಳು ಬೇರೆ (ಕಂಬ ಮುಂದೆ ಒಡೀಬಾರದು ಅಂತ ಇಲ್ಲಿ ಮೊದಲೇ ಹಾಗೆ ಕೊಯ್ದಿರ್ತಾರೆ), ಅವು ಮುಖವಾಡಕ್ಕೆ ಆಗಲ್ಲ. ತಿರುಳಿಲ್ಲದ್ದು ಒಂದೇ ಒಂದು. ಅದರಲ್ಲೂ ಮೊದಲನೇ ಸಲ ಎರಡು ಹೋಳನ್ನ ಸರೀ ಮಧ್ಯಕ್ಕೆ ಬಿಳಿ ಗೋಂದಲ್ಲಿ ಕೂಡಿಸ್ದೆ. ಜೂನ್ ಮಳೆ ಮುಗಿಯೋಷ್ಟರಲ್ಲಿ ಹಣೆ, ಮೂಗು, ಗಲ್ಲ ಎಲ್ಲ ದಾಟ್ಕೊಂಡು ಕೂದಲೆಳೆಯಷ್ಟು ಗೆರೆ. ಕ್ಲಾಸಲ್ಲಿ ಯಾರೂ ಮಾತಾಡಲಿಲ್ಲ, ಅದೇ ಜಾಸ್ತಿ ನೋವಾಗಿದ್ದು.

ಆಮೇಲೆ ಹೊಳೀತು, ಅಂಟು ಮಧ್ಯಕ್ಕೆ ಯಾಕೆ ಬರ್ಬೇಕು? ಇಡೀ ಹನ್ನೊಂದೂವರೆ ನಡುವೆ ಇಟ್ಟು ಎರಡೂ ಬದಿಗೆ ಸೆಂಟಿಮೀಟರ್ ಚಿಲ್ಲರೆ ಪಟ್ಟಿ ಕೂಡಿಸಿದ್ರೆ ಜಾಯಿಂಟ್ ಹೋಗಿ ಬೀಳೋದು ಮೇಲ್ಭಾಗದಲ್ಲಿ ಕಪ್ಪು ಕೂದಲಿನ ಬಣ್ಣದ ಅಡಿ, ಕೆಳಭಾಗದಲ್ಲಿ ದವಡೆ ತಿರುಗೋ ಅಂಚಲ್ಲಿ. ಪಟ್ಟಿನ ಅದೇ ಕಂಬದ ಪಕ್ಕದ ತುಂಡಿಂದ ತೆಗ್ದೆ, ಎಳೆ ಅದೇ ದಿಕ್ಕಿಗೆ ಬರೋ ಹಾಗೆ, ಹಿಗ್ಗಿದ್ರೆ ಕುಗ್ಗಿದ್ರೆ ಒಟ್ಟಿಗೇ ಆಗ್ಬೇಕು ಅಂತ. ಅಂಟಿಗೆ ಹಸಿ ಉರುಶಿ (ಮೆರುಗೆಣ್ಣೆ ಥರ ಬಳಸೋ ಮರದ ಸೊನೆ) ಜೊತೆ ಗೋಧಿ ಹಿಟ್ಟು ನಾದಿದ್ದು. ಒದ್ದೆ ಟವೆಲ್ ಇಟ್ಟ ಪೆಟ್ಟಿಗೆಯಲ್ಲಿ, ತೇವ 70-80 ಪರ್ಸೆಂಟ್, ಸುಮಾರು ಐದು ವಾರ ಮುಟ್ಟಲಿಲ್ಲ. ಕೈಯೆಲ್ಲ ಗುಳ್ಳೆ ಎದ್ದು ತುರಿಕೆ, ಚಿಕ್ಕವನಿದ್ದಾಗ ಕುಂದಾಪುರದಲ್ಲಿ ಗೇರುಬೀಜ ಸುಡುವಾಗ ಸೊನೆ ಸಿಡಿದ್ರೆ ಆಗ್ತಿತ್ತಲ್ಲ, ಥೇಟ್ ಹಾಗೇ. ಗೇರೂ ಉರುಶಿ ಮರವೂ ಒಂದೇ ಕುಟುಂಬ. ಇಲ್ಲಿ ಗೇರು ಸಿಪ್ಪೆ ಎಣ್ಣೆಯಿಂದ ಮಾಡಿದ 'ಕ್ಯಾಶೂ' ಅಂತ ಪೇಂಟೇ ಸಿಗುತ್ತೆ, ಹಾಳಾದ ಮುಖವಾಡದ ಹಿಂಬದಿಗೆ ಅರ್ಧ ಅದನ್ನ, ಅರ್ಧ ಉರುಶಿ ಬಳಿದು ಬಚ್ಚಲುಮನೆಯಲ್ಲಿ ಒಂದು ಚಳಿಗಾಲ ತೂಗು ಹಾಕಿದ್ದೆ, ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಆದ್ರೂ ಒಳ್ಳೇ ಮುಖವಾಡಕ್ಕೆ ಉರುಶಿನೇ ಹಾಕ್ದೆ, ಮೂರು ಕೋಟು.

ಮುಂದಿನ ಬಿಳಿ ಬಣ್ಣ ಗೋಫುನ್ ನಮ್ಮ ಉಜಿಯಲ್ಲೇ ಆಗುತ್ತೆ, ಸಿಂಪಿ ಚಿಪ್ಪನ್ನ ವರ್ಷಗಟ್ಟಲೆ ಬಿಸಿಲು ಮಳೆಗೆ ಬಿಟ್ಟು ಅರೆದಿದ್ದು. ಅದನ್ನ ಕಲಸೋ ಅಂಟು ನಿಕಾವಾ, 10 ಗ್ರಾಮಿನ ಒಂದು ಕಡ್ಡಿಗೆ 100 ಸಿಸಿ ನೀರು, ಕುದಿಸ್ಬಾರದು. ಚರ್ಮ ಮೂಳೆ ಬೇಯಿಸಿದ ಅಂಟು ಅಡುಗೆಮನೆಗೆ ಬೇಡ ಅಂತ ಹೆಂಡತಿ ಖಡಾಖಂಡಿತ ಹೇಳಿದ್ಲು, ಬಾಲ್ಕನೀಲೇ ಒಲೆ. ಕಿನ್ನಾಳದ ಗೊಂಬೆ ಮಾಡೋರು ಹುಣಸೆಬೀಜದ ಅಂಟು ಬಳಸ್ತಾರಲ್ಲ ಅಂತ ಊರಿಂದ ಬೀಜ ತಂದು ಗೋಫುನ್ ಜೊತೆ ಕಲಸಿಯೂ ನೋಡ್ದೆ, ಹಿಡಿತ ಚೆನ್ನಾಗಿತ್ತು, ಮೂರೇ ವಾರಕ್ಕೆ ಬೂಸ್ಟು ಬಂತು. ಕೊನೆಗೆ ನಿಕಾವಾನೇ, ಹದಿನೈದು ಹದಿನಾರು ಕೋಟು, ಮೇಲೆ ಹೋದಂಗೆ ಅಂಟು ತೆಳು. ಎಷ್ಟು ತೆಳು ಅನ್ನೋದನ್ನೂ, ಜಾಯಿಂಟ್ ಮೇಲೆ ಮೊದಲ ಕೋಟಿಗೂ ಮುಂಚೆ ಏನು ಹಾಸಿದೆ ಅನ್ನೋದನ್ನೂ ಹೇಳಲ್ಲ, ಅದು ಕಂಡ್ಕೊಳ್ಳೋಕೆ ನನಗೆ ಎರಡು ವರ್ಷ ಹಿಡೀತು.

ಬಣ್ಣ ಹೊಳಪಾಗ್ಬಾರದು. ಮುಖ ಸ್ವಲ್ಪ ಮೇಲೆತ್ತಿದ್ರೆ ನಗು, ತಗ್ಗಿಸಿದ್ರೆ ದುಃಖ ಬರ್ಬೇಕಲ್ಲ, ಹೊಳಪಿದ್ರೆ ಎರಡೂ ಬರಲ್ಲ. ಟಾರ್ಚನ್ನ ಕೆಳಗಿಂದ ಹಿಡಿದ್ರೆ ಕೊ-ಓಮೊತೆ ಸತ್ತೋದ ಮುಖದ ಥರ ಕಾಣುತ್ತೆ, ಮೇಲಿನ ಬೆಳಕಲ್ಲೇ ನೋಡಿ ಉಜ್ಜಿ.

ಪರಿಚಯದ ರಿಟೈರ್ಡ್ ಟೀಚರ್ ಒಬ್ರು 'ಹಾಗೊರೊಮೊ' ಅನ್ನೋ ನೋ ನಾಟಕ ಆಡಿದಾಗ ದೇವಕನ್ಯೆಗೆ ಇದನ್ನೇ ಕಟ್ಕೊಂಡ್ರು. ಕನ್ನಡಿ ಕೋಣೇಲಿ ಮುಖವಾಡಕ್ಕೆ ತಲೆಬಾಗಿ, ಒಳಗೆ ಹಣೆ ಹತ್ರ ಸಣ್ಣ ಮೆತ್ತೆ ಅಂಟಿಸಿ ಕೋನ ಸರಿ ಮಾಡ್ಕೊಂಡ್ರು. ಚೌಕದ ಆ ಸಣ್ಣ ಕಣ್ಣುತೂತಲ್ಲಿ ರಂಗದ ಮೂಲೆ ಕಂಬ ಒಂದು ಕಂಡ್ರೆ ಸಾಕು, ಅಷ್ಟು ಕಾಣ್ತಾ ಇದೆ ಅಂದ್ರು. ಒಂದು ಗಂಟೆ ಹತ್ರ ಹತ್ರ. ಬಿಚ್ಚಿದಾಗ ಒಳಗೆಲ್ಲ ನೀರು. ಒರೆಸಿ, ಒಂದು ವಾರ ನೆರಳಲ್ಲಿಟ್ಟು ಭೂತಗನ್ನಡಿ ಹಿಡಿದು ನೋಡ್ದೆ, ಜಾಯಿಂಟ್ ಎಲ್ಲಿದೆ ಅಂತ ನನಗೇ ಸಿಗಲಿಲ್ಲ. ಈಗ ಎರಡು ಮಳೆಗಾಲ ಆದ್ಮೇಲೂ ಸಿಕ್ಕಿಲ್ಲ, ಕಲೆನೂ ಇಲ್ಲ.

ಕ್ಲಾಸ್ ಫೀಸ್ ಬಿಟ್ಟು, ಹಾಳಾದವು ಸೇರಿ ಒಟ್ಟು ಅರವತ್ತು ಸಾವಿರ ಯೆನ್ ಹೋಗಿರ್ಬಹುದು, ಅರ್ಧಕ್ಕಿಂತ ಹೆಚ್ಚು ಉರುಶಿಗೇ. ಇದೊಂದಕ್ಕೇ ಆಗಿದ್ದು ಹದಿನೈದು ಸಾವಿರದೊಳಗೆ. ಕಂಬದಲ್ಲಿ ಇನ್ನೊಂದು ಮುಖವಾಡಕ್ಕಾಗೋಷ್ಟು ಉಳಿದಿದೆ, ಹನ್ಯಾ (ಕೊಂಬಿರೋ, ಹೊಟ್ಟೆಕಿಚ್ಚಿನ ಹೆಂಗಸಿನ ಮುಖ) ಶುರು ಮಾಡಿದೀನಿ. ಅದರ ಕಣ್ಣಿಗೆ ತಾಮ್ರದ ತಗಡು ಬಡಿದು ಚಿನ್ನದ ಗಿಲೀಟು ಮಾಡಿಸ್ಬೇಕು, ಎಷ್ಟಾಗುತ್ತೆ ಅಂತ ಇನ್ನೂ ವಿಚಾರಿಸಿಲ್ಲ.