ಸಮಾಜವಿರೋಧಿ ವ್ಯಕ್ತಿತ್ವ ದೋಷ: ನಾನು ಗುರುತಿಸುವ ಬಗೆ

ಮಗನನ್ನೋ ಗಂಡನನ್ನೋ ಹೊರರೋಗಿ ವಿಭಾಗಕ್ಕೆ ಕರೆತಂದವರು “ಇವನಿಗೆ ಮನಸ್ಸಾಕ್ಷಿಯೇ ಇಲ್ಲ ಸಾರ್” ಎಂದಾಗ, ಮನಶ್ಶಾಸ್ತ್ರಜ್ಞನಾದ ನಾನು ಮೊದಲು ವಿಚಾರಿಸುವುದು ಅವನ ಶಾಲೆಯ ದಿನಗಳನ್ನು. ನಾವು ಬಳಸುವ ಡಿಎಸ್‌ಎಂ-5 ಎಂಬ ಮಾನಸಿಕ ಕಾಯಿಲೆಗಳ ಕೈಪಿಡಿಯ ಮಾನದಂಡದ ಪ್ರಕಾರ ಹದಿನೆಂಟು ತುಂಬದವರಿಗೆ ಸಮಾಜವಿರೋಧಿ ವ್ಯಕ್ತಿತ್ವ ದೋಷವೆಂಬ ರೋಗನಿರ್ಣಯ ಮಾಡುವಂತಿಲ್ಲ. ಆದರೆ ಹದಿನೈದರೊಳಗೇ ಕಳ್ಳತನ, ಹೊಡೆದಾಟ, ಪ್ರಾಣಿಹಿಂಸೆ, ಬೆಂಕಿ ಹಚ್ಚುವುದು, ಮನೆ ಬಿಟ್ಟು ಓಡಿಹೋಗುವುದು ಮುಂತಾದ ವರ್ತನಾ ದೋಷಗಳು ಕಾಣಿಸಿಕೊಂಡಿರಬೇಕು. ಮೂವತ್ತರವರೆಗೆ ಸರಿಯಾಗಿದ್ದು ಈಚೆಗೆ ಕೆಟ್ಟವನಾದ ಎಂದರೆ ನಾನು ಬೇರೆಯದನ್ನೇ ಹುಡುಕುತ್ತೇನೆ: ಕುಡಿತ, ಉನ್ಮಾದದ ಕಾಯಿಲೆ ಅಥವಾ ಮಿದುಳಿನ ಮುಂಭಾಗಕ್ಕೆ ಬಿದ್ದ ಪೆಟ್ಟು.

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಂದು ಪ್ರಸಂಗ ಹೇಳುತ್ತೇನೆ. ತಂಗಿಯ ಮದುವೆಗೆಂದು ಕೂಡಿಟ್ಟ ಒಡವೆಯನ್ನು ಗಿರವಿ ಇಟ್ಟಿದ್ದ ಯುವಕ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಾಯಿಗೆ ಕುರ್ಚಿ ಎಳೆದುಕೊಟ್ಟು, ಕೇಳಿದ್ದಕ್ಕೆಲ್ಲ ಸೌಜನ್ಯದಿಂದ ಉತ್ತರಿಸಿದ. ತಂಗಿಗೆ ಹೇಗನ್ನಿಸಿರಬಹುದು ಎಂದು ಕೇಳಿದೆ. ಅವಳು ರಾತ್ರಿಯೆಲ್ಲ ಅತ್ತಿದ್ದನ್ನು, ಬೀಗರ ಮುಂದೆ ತಲೆ ತಗ್ಗಿಸಿದ್ದನ್ನು ಅವನು ಚಾಚೂ ತಪ್ಪದೆ ವರ್ಣಿಸಿದ. ಅದೇ ಉಸಿರಿನಲ್ಲಿ, “ಬಿಡಿಸಿಕೊಡ್ತೀನಿ ಅಂದಿದ್ದೀನಲ್ಲ ಸಾರ್, ಅವಳೇ ಸುಮ್ಮನೆ ದೊಡ್ಡದು ಮಾಡ್ತಾಳೆ” ಎಂದ. ಇನ್ನೊಬ್ಬರ ನೋವು ಅವನಿಗೆ ಚೆನ್ನಾಗಿ ತಿಳಿದಿತ್ತು, ಆದರೆ ತಟ್ಟಿರಲಿಲ್ಲ. ಇಂಥ ಮಾತೊಂದರಿಂದಲೇ ನಾನು ತೀರ್ಮಾನಕ್ಕೆ ಬರುವುದಿಲ್ಲ. ತಾಯಿಯನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ವರ್ಷವಾರು ಕೇಳಿದಾಗ, ಬಾಲ್ಯದಲ್ಲೇ ಪಕ್ಕದ ಮನೆಯಿಂದ ಕದ್ದದ್ದು, ಕಿರಿಯ ಹುಡುಗರನ್ನು ಹೊಡೆದು ಹಣ ಕಿತ್ತದ್ದು, ಶಾಲೆಯವರು ಟಿಸಿ ಕೊಟ್ಟು ಕಳಿಸಿದ್ದು, ಆಮೇಲೆ ಯಾವ ಕೆಲಸದಲ್ಲೂ ನಿಲ್ಲದೆ ಊರೆಲ್ಲ ಸಾಲ ಮಾಡಿದ್ದು ಒಂದೊಂದಾಗಿ ಹೊರಬಂದವು. ಕುಡಿತ ಶುರುವಾದದ್ದು ಇವೆಲ್ಲ ನಡೆದ ಎಷ್ಟೋ ವರ್ಷಗಳ ಮೇಲೆ. ಆ ಕಾಲಕ್ರಮವೇ ನನಗೆ ಮುಖ್ಯವಾಗಿತ್ತು.

ಕಾನೂನು ಮುರಿಯುವುದು, ವಂಚನೆ, ದುಡುಕು, ಆಕ್ರಮಣಶೀಲತೆ, ಸುರಕ್ಷತೆಯ ಬಗ್ಗೆ ಉಡಾಫೆ, ಹೊಣೆಗೇಡಿತನ, ಪಶ್ಚಾತ್ತಾಪವಿಲ್ಲದಿರುವುದು ಎಂಬ ಏಳರಲ್ಲಿ ಕನಿಷ್ಠ ಮೂರು, ಹದಿನೈದನೇ ವಯಸ್ಸಿನಿಂದ ಮನೆಯಲ್ಲೂ ಹೊರಗೂ ಬಿಡದೆ ಕಾಣಬೇಕು. ಹಸಿವಿಗಾಗಿ ಕದ್ದವನಿಗೆ ಈ ಹಣೆಪಟ್ಟಿ ಅಂಟಿಸುವುದು ಅನ್ಯಾಯ. ಹಾಗೆಯೇ ಪೊಲೀಸ್ ಕೇಸು ಇಲ್ಲವೆಂಬ ಕಾರಣಕ್ಕೆ ಉಳ್ಳವರ ಮನೆಯ ಮಗನನ್ನು ಬಿಟ್ಟುಬಿಡುವುದೂ ಸರಿಯಲ್ಲ. ಹೆಂಗಸರಲ್ಲಿ ಈ ದೋಷ ಕಡಿಮೆಯಾದರೂ ಇಲ್ಲವೆಂದಲ್ಲ.

ವ್ಯಕ್ತಿತ್ವವನ್ನೇ ಬದಲಿಸುವ ಮಾತ್ರೆ ಇಲ್ಲವೆಂದು ಮನೆಯವರಿಗೆ ನಾನು ನೇರವಾಗಿ ತಿಳಿಸುತ್ತೇನೆ. ಜೊತೆಗಿರುವ ಕುಡಿತಕ್ಕೆ, ಖಿನ್ನತೆಗೆ ಚಿಕಿತ್ಸೆಯಿದೆ. ನಲವತ್ತರ ಹೊತ್ತಿಗೆ ಕೆಲವರ ಆರ್ಭಟ ತಗ್ಗುತ್ತದೆ. ಅಲ್ಲಿಯವರೆಗೆ ಅವನ ಸಾಲಕ್ಕೆ ಜಾಮೀನು ಹಾಕಬೇಡಿ, ಒಡವೆ ಮತ್ತು ಪತ್ರಗಳನ್ನು ಮನೆಯಲ್ಲಿಡಬೇಡಿ, ಕೈ ಮಾಡಿದರೆ 112ಕ್ಕೆ ಕರೆ ಮಾಡಿ ಎಂದು ಆ ತಾಯಿಗೆ ಬರೆದುಕೊಟ್ಟೆ. ನಿದ್ದೆಯೇ ಬರುವುದಿಲ್ಲ ಎಂದ ಆಕೆಗೂ ಒಂದು ಹೊರರೋಗಿ ಚೀಟಿ ಮಾಡಿಸಿ, ರಾತ್ರಿ ಸಂಕಟವಾದಾಗ ಕನ್ನಡದಲ್ಲೇ ಮಾತಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಕೊಟ್ಟೆ.