ಬೆನ್ನುಚೀಲ ಹೊತ್ತು ಚೀನಾಕ್ಕೆ: ಮೊದಲ ಸಲ ಹೊರಡುವ ಇಬ್ಬರು ಗೆಳೆಯರಿಗೆ

ಮಂಡ್ಯದ ನಾನು ಮತ್ತು ಮೈಸೂರಿನ ಸರಸ್ವತಿಪುರಂನಲ್ಲಿರುವ ನನ್ನ ಗೆಳೆಯ, ಇಬ್ಬರೂ ಒಂದೊಂದು ಬೆನ್ನುಚೀಲ ಹೊತ್ತು ಕಳೆದ ನವೆಂಬರ್‌ನಲ್ಲಿ 14 ದಿನ ಚೀನಾ ಸುತ್ತಿ ಬಂದೆವು. ಬಂದ ಮೇಲೆ ಸಿಕ್ಕವರೆಲ್ಲ ಊಟಕ್ಕೆ ಏನು ಮಾಡಿದಿರಿ ಎಂದೇ ಮೊದಲು ಕೇಳಿದರು. ಊಟದ ವಿಷಯ ಮುಂದೆ ಹೇಳುತ್ತೇನೆ. ಹೊಸಬರನ್ನು ಅಲ್ಲಿ ಮೊದಲ ದಿನವೇ ಕಟ್ಟಿಹಾಕುವುದು ಫೋನು. ಹಣ, ದಾರಿ, ಮಾತು ಮೂರೂ ಅದರೊಳಗೇ ಇರುವುದರಿಂದ, ಊರಿನಲ್ಲಿ ಕುಳಿತು ಅದನ್ನು ಸಿದ್ಧಪಡಿಸಿಕೊಂಡವರಿಗೆ ವಿಮಾನ ಇಳಿದ ಕೂಡಲೇ ಸುತ್ತಲಿನದನ್ನು ಕಣ್ತುಂಬ ನೋಡುವ ಬಿಡುವು ಸಿಗುತ್ತದೆ. ಮಾಡಿಕೊಳ್ಳದವರು ಎರಡು ದಿನ ಪರದೆಯನ್ನೇ ನೋಡುತ್ತಾ ಕಳೆಯುತ್ತಾರೆ.

ಮೊದಲು ಕಾಲವನ್ನು ಆರಿಸಿಕೊಳ್ಳಿ. ನಮ್ಮ ಕಡೆಯವರಿಗೆ ದೂರದ ಪ್ರವಾಸಕ್ಕೆ ನೆನಪಾಗುವುದು ದಸರಾ ರಜೆ. ಆದರೆ ಅಕ್ಟೋಬರ್ 1ರಿಂದ ಒಂದು ವಾರ ಚೀನಾದಲ್ಲಿಯೂ ರಾಷ್ಟ್ರೀಯ ದಿನದ ರಜೆ ಇರುತ್ತದೆ. ಆ ವಾರ ಇಡೀ ದೇಶವೇ ಪ್ರಯಾಣಕ್ಕೆ ಹೊರಟಿರುತ್ತದೆ, ರೈಲಿನಲ್ಲಿ ಸೀಟು ಸಿಗುವುದಿಲ್ಲ, ಕೋಣೆಗಳ ಬಾಡಿಗೆ ಏರುತ್ತದೆ. ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬರುವ ಅವರ ಹೊಸ ವರ್ಷದ ಹಬ್ಬಕ್ಕೂ ಇದೇ ಮಾತು ಅನ್ವಯಿಸುತ್ತದೆ. ನವೆಂಬರ್ ನಮಗೆ ಚೆನ್ನಾಗಿ ಒದಗಿತು, ಆದರೆ ಬೀಜಿಂಗ್‌ನ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಮೈಸೂರಿನ ಚಳಿಗೆಂದು ಕೊಂಡ ಸ್ವೆಟರ್ ಅಲ್ಲಿ ಸಾಲುವುದಿಲ್ಲ; ಒಂದರ ಮೇಲೊಂದು ತೊಡುವ ಮೂರು ತೆಳು ಉಡುಪು ಮತ್ತು ಗಾಳಿ ತಡೆಯುವ ಒಂದು ಜಾಕೆಟ್ ಇರಲಿ.

ಪ್ರವಾಸಿಗಳಿಗೆ ಕೊಡುವುದು ಎಲ್ ವರ್ಗದ ವೀಸಾ. ಪಾಸ್‌ಪೋರ್ಟ್‌ನ ಅವಧಿ ಕನಿಷ್ಠ 6 ತಿಂಗಳು ಉಳಿದಿರಬೇಕು, ಖಾಲಿ ಪುಟಗಳಿರಬೇಕು. ವಿಮಾನದ ಟಿಕೆಟ್, ಕೋಣೆಯ ಬುಕಿಂಗ್, ಬ್ಯಾಂಕ್ ವಿವರಗಳ ನಡುವೆ ದಿನಾಂಕಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಒಬ್ಬರ ಅರ್ಜಿಯನ್ನು ಇನ್ನೊಬ್ಬರು ಕುಳಿತು ಓದಿ. ನನ್ನ ಅರ್ಜಿಯಲ್ಲಿದ್ದ ಒಂದು ದಿನಾಂಕದ ತಪ್ಪನ್ನು ಗೆಳೆಯ ಕಂಡುಹಿಡಿದದ್ದು ಹಾಗೆಯೇ.

ಈಗ ಫೋನು. ಗೂಗಲ್, ವಾಟ್ಸ್ಆ್ಯಪ್, ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಇವು ಯಾವುವೂ ಚೀನಾದ ಅಂತರ್ಜಾಲದಲ್ಲಿ ತೆರೆದುಕೊಳ್ಳುವುದಿಲ್ಲ, ಆದ್ದರಿಂದ ವಸತಿಗೃಹದ ವೈಫೈ ನಂಬಿಕೊಂಡು ಮನೆಗೆ ಕರೆ ಮಾಡುತ್ತೇನೆಂದು ಹೇಳಿ ಹೊರಡಬೇಡಿ. ಭಾರತದ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಂಡರೆ ಅದರ ಡೇಟಾ ನಮ್ಮ ದೇಶದ ಜಾಲದ ಮೂಲಕವೇ ಹಾದುಬರುವುದರಿಂದ ಸಾಮಾನ್ಯವಾಗಿ ಎಲ್ಲವೂ ನಡೆಯುತ್ತದೆ. ಇಬ್ಬರಲ್ಲಿ ಒಬ್ಬರಾದರೂ ಇದನ್ನು ಮಾಡಿಸಿಕೊಳ್ಳಲೇಬೇಕು, ಏಕೆಂದರೆ ಬ್ಯಾಂಕ್ ಕಳಿಸುವ ಒಟಿಪಿ ಬರುವುದೂ ಅದೇ ಸಿಮ್‌ಗೆ.

ದೇವರಾಜ ಮಾರುಕಟ್ಟೆಯ ಹೂವಿನವರು ಹೇಗೆ ಕ್ಯೂಆರ್ ಚೀಟಿ ತೂಗುಹಾಕಿರುತ್ತಾರೋ ಅಲ್ಲಿನ ಗೆಣಸು ಸುಡುವವರ ಗಾಡಿಯಲ್ಲಿಯೂ ಹಾಗೆಯೇ ಇರುತ್ತದೆ, ಆದರೆ ಅದು ನಮ್ಮ ಯುಪಿಐ ಅಲ್ಲ. ಅಲ್ಲಿ ಹಣ ಕೊಡಲು ಬಳಸುವ ಆ್ಯಪ್‌ಗಳಾದ ಅಲಿಪೇ ಅಥವಾ ವೀಚಾಟ್‌ನಲ್ಲಿ ನಿಮ್ಮ ವೀಸಾ ಇಲ್ಲವೇ ಮಾಸ್ಟರ್‌ಕಾರ್ಡ್ ಜಾಲದ ಕಾರ್ಡನ್ನು ಊರಿನಲ್ಲಿಯೇ ಜೋಡಿಸಿ, ಪಾಸ್‌ಪೋರ್ಟ್ ತೋರಿಸಿ ಗುರುತು ದೃಢಪಡಿಸಿ, ಕಾರ್ಡಿನ ವಿದೇಶಿ ವಹಿವಾಟನ್ನು ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದಿಡಿ. ಅಲಿಪೇಯಲ್ಲಿ ವಿದೇಶಿ ಕಾರ್ಡಿನಿಂದ 200 ಯುವಾನ್ ಮೀರಿದ ಪಾವತಿಗೆ ಶೇ 3ರಷ್ಟು ಶುಲ್ಕ ಬೀಳುತ್ತದೆ, ಅದಕ್ಕಿಂತ ಕಡಿಮೆಗೆ ಇಲ್ಲ; ಆದ್ದರಿಂದ ಕೋಣೆಯ ಬಾಡಿಗೆಯನ್ನು ಇಬ್ಬರೂ ಅರ್ಧರ್ಧ ಕೊಟ್ಟರೆ ಎಷ್ಟೋ ಸಲ ಆ ಶುಲ್ಕವೇ ಉಳಿಯುತ್ತದೆ. ಮೆಟ್ರೊ, ಟ್ಯಾಕ್ಸಿ, ಅನುವಾದ ಎಲ್ಲವೂ ಅದೇ ಆ್ಯಪ್‌ನೊಳಗಿವೆ. ಕೈಯಲ್ಲಿ 500 ಯುವಾನ್‌ನಷ್ಟು ನೋಟುಗಳೂ ಇರಲಿ. ನಗದನ್ನು ಒಲ್ಲೆ ಎನ್ನುವಂತಿಲ್ಲವಾದರೂ ಚಿಲ್ಲರೆ ಹುಡುಕುವುದು ಅಂಗಡಿಯವರಿಗೆ ತೊಂದರೆ, ಹಾಗಾಗಿ ಸಣ್ಣ ನೋಟುಗಳನ್ನೇ ಕೇಳಿ ಪಡೆಯಿರಿ.

ಚೀಲದ ತೂಕ 8 ಕಿಲೋ ಮೀರದಿರಲಿ. ಹೊರಡುವ ಎರಡು ವಾರ ಮೊದಲು ತುಂಬಿದ ಚೀಲ ಹೊತ್ತು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಒಮ್ಮೆ ಹತ್ತಿಬನ್ನಿ. ನಂದಿಯ ಹತ್ತಿರ ತಲುಪುವಷ್ಟರಲ್ಲಿ ಯಾವುದು ಬೇಡ ಎಂಬುದು ಹೆಗಲಿಗೇ ಗೊತ್ತಾಗುತ್ತದೆ. ನಾನು ಅಲ್ಲಿಂದ ಇಳಿದುಬಂದು ಎರಡು ಜೀನ್ಸ್ ಮತ್ತು ಒಂದು ಜೊತೆ ಶೂ ತೆಗೆದಿಟ್ಟೆ. ಕಾಗದದ ಕರವಸ್ತ್ರ ಸದಾ ಜೇಬಿನಲ್ಲಿರಲಿ, ಸಾರ್ವಜನಿಕ ಶೌಚಾಲಯಗಳಲ್ಲಿ ನೀರೂ ಕಾಗದವೂ ಇರುತ್ತವೆಂದು ಹೇಳಲಾಗದು. ಪವರ್ ಬ್ಯಾಂಕ್ ವಿಷಯದಲ್ಲಿ ಒಂದು ಎಚ್ಚರಿಕೆ: 2025ರ ಜೂನ್ 28ರಿಂದ ಚೀನಾದ ಒಳಗಿನ ವಿಮಾನಗಳಲ್ಲಿ 3ಸಿ ಎಂಬ ಅವರ ಪ್ರಮಾಣ ಮುದ್ರೆಯಿಲ್ಲದ ಪವರ್ ಬ್ಯಾಂಕ್ ಒಯ್ಯುವಂತಿಲ್ಲ. ಊರಿನದನ್ನು ಮನೆಯಲ್ಲಿಟ್ಟು, ಅಲ್ಲಿಯೇ ಒಂದು ಕೊಳ್ಳುವುದು ಒಳ್ಳೆಯದು.

ಭಾಷೆಯ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳಿ. ರೋಮನ್ ಲಿಪಿಯಲ್ಲಿ ಬಿ ಮತ್ತು ಪಿ ಎಂದು ಬರೆಯುವ ಚೀನೀ ಧ್ವನಿಗಳ ನಡುವಿನ ವ್ಯತ್ಯಾಸ ನಮ್ಮ ಬ ಮತ್ತು ಪಗಳದ್ದಲ್ಲ, ಅಲ್ಪಪ್ರಾಣ ಮಹಾಪ್ರಾಣಗಳದ್ದು. ಬಿ ಎಂದು ಬರೆದದ್ದು ನಮ್ಮ ಪಕಾರಕ್ಕೆ ಹತ್ತಿರ, ಪಿ ಎಂದು ಬರೆದದ್ದು ತುಟಿ ಸೇರಿಸಿ ಉಚ್ಚರಿಸುವ ಫಕಾರಕ್ಕೆ ಹತ್ತಿರ. ತ-ಥ, ಕ-ಖಗಳಿಗೂ ಇದೇ ಕ್ರಮ. ಆ ಊರಿನವರ ಬಾಯಲ್ಲಿ ಬೀಜಿಂಗ್ ಎಂಬುದು ಪೆಯ್‌ಚಿಂಗ್ ಎಂದು ಕೇಳಿಸುವುದು ಇದರಿಂದಲೇ. ಆದ್ದರಿಂದ ಕಲಿಯಬೇಕಾದ ಮಾತುಗಳನ್ನು ಕನ್ನಡ ಅಕ್ಷರದಲ್ಲಿಯೇ ಬರೆದುಕೊಳ್ಳಿ. ‘ತ್ವೋ ಷಾವ್ ಛ್ಯೆನ್’ ಎಂದರೆ ಎಷ್ಟು ಹಣ, ‘ಖಾಯ್ ಶ್ವೇ’ ಎಂದರೆ ಕುದಿಸಿದ ನೀರು, ‘ಪು ಯಾವ್ ರೋವ್’ ಎಂದರೆ ಮಾಂಸ ಬೇಡ. ಒಂದೇ ಉಚ್ಚಾರ ನಾಲ್ಕು ಸ್ವರಗಳಲ್ಲಿ ನಾಲ್ಕು ಅರ್ಥ ಕೊಡುವ ಭಾಷೆಯಾದ್ದರಿಂದ ಆ ಏರಿಳಿತವನ್ನು ಮಾತ್ರ ಯಾರಾದರೂ ಹೇಳುವುದನ್ನು ಕೇಳಿಯೇ ಕಲಿಯಬೇಕು. ಸಂತೆಯಲ್ಲಿ ಬೆರಳ ಲೆಕ್ಕವೂ ನಮ್ಮದಕ್ಕಿಂತ ಬೇರೆ: ಹೆಬ್ಬೆರಳು ಕಿರುಬೆರಳು ಚಾಚಿದರೆ ಆರು, ಹೆಬ್ಬೆರಳು ತೋರುಬೆರಳು ಚಾಚಿದರೆ ಎಂಟು. ಅದು ತಿಳಿಯದೆ ನನ್ನ ಗೆಳೆಯ ಎಂಟು ಯುವಾನ್‌ನ ಕಿತ್ತಳೆಗೆ ಎರಡು ಯುವಾನ್ ಕೊಡಲು ಹೋಗಿದ್ದ. ಅಂಗಡಿಯಾಕೆ ನಕ್ಕು ಅವನ ಬೆರಳುಗಳನ್ನು ತಾನೇ ಹಿಡಿದು ಎಂಟನ್ನು ಮಾಡಿ ತೋರಿಸಿದಳು.

14 ದಿನಕ್ಕೆ ಮೂರು ಊರು ಸಾಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾವು ಬೀಜಿಂಗ್, ಷಿಆನ್ ಮತ್ತು ಗುಯಿಲಿನ್ ಬಳಿಯ ಯಾಂಗ್‌ಶುವೊ ಆರಿಸಿಕೊಂಡು, ಕೊನೆಗೆ ಗುವಾಂಗ್‌ಝೌನಿಂದ ಮರಳಿದೆವು. ಬೀಜಿಂಗ್‌ನ ಅರಮನೆ ಸಂಗ್ರಹಾಲಯಕ್ಕೆ ಬಾಗಿಲಲ್ಲಿ ಟಿಕೆಟ್ ಸಿಗುತ್ತದೆಂದು ಹೋಗಬೇಡಿ. 7 ದಿನ ಮುಂಚಿತವಾಗಿ ತೆರೆಯುವ ಟಿಕೆಟ್‌ಗಳು ಪಾಸ್‌ಪೋರ್ಟ್ ಸಂಖ್ಯೆಯ ಮೇಲೆ ಬುಕ್ ಆಗುತ್ತವೆ, ಸೋಮವಾರ ಸಾಮಾನ್ಯವಾಗಿ ರಜೆ. ಆದರೆ ಬೀಜಿಂಗ್‌ನಲ್ಲಿ ನನಗೆ ಅರಮನೆಗಿಂತ ಹೆಚ್ಚು ಉಳಿದದ್ದು ಸ್ವರ್ಗ ದೇವಾಲಯದ ಉದ್ಯಾನದ ಬೆಳಗು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ನಡೆಯುವ ಹಿರಿಯರಂತೆ ಅಲ್ಲಿಯೂ ಹಿರಿಯರು ಸೇರುತ್ತಾರೆ. ಕೆಲವರು ಕುಣಿಯುತ್ತಾರೆ, ಕೆಲವರು ಇಸ್ಪೀಟು ಆಡುತ್ತಾರೆ. ಒಬ್ಬ ತಾತ ಪೊರಕೆಯಷ್ಟು ಉದ್ದದ ಕುಂಚವನ್ನು ಬಕೆಟ್ ನೀರಿನಲ್ಲಿ ಅದ್ದಿ ಕಲ್ಲುಹಾಸಿನ ಮೇಲೆ ಅಕ್ಷರ ಬರೆಯುತ್ತಿದ್ದರು. ನಾಲ್ಕನೆಯ ಸಾಲು ಮುಗಿಯುವ ಹೊತ್ತಿಗೆ ಮೊದಲ ಸಾಲು ಆರಿಹೋಗುತ್ತಿತ್ತು, ಅವರು ಹಿಂದಕ್ಕೆ ಬಂದು ಅದೇ ಜಾಗದಲ್ಲಿ ಮತ್ತೆ ಆರಂಭಿಸುತ್ತಿದ್ದರು. ಏಳು ಗಂಟೆಗೆಲ್ಲ ಉದ್ಯಾನದಲ್ಲಿರುವಂತೆ ಒಂದು ದಿನವನ್ನು ಮೀಸಲಿಡಿ.

ರಸ್ತೆಯಲ್ಲಿ ಹಿಂದೆ ತಿರುಗಿ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಅಲ್ಲಿ ದ್ವಿಚಕ್ರ ವಾಹನಗಳು ಬಹುಪಾಲು ವಿದ್ಯುತ್ತಿನವು, ಸದ್ದೇ ಇಲ್ಲದೆ ಪಾದಚಾರಿ ಹಾದಿಯ ಮೇಲೂ ಬಂದುಬಿಡುತ್ತವೆ. ಹಾರ್ನ್ ಕೇಳಿ ಪಕ್ಕಕ್ಕೆ ಸರಿದು ಬೆಳೆದ ನಮ್ಮ ಕಿವಿಗೆ ಇದು ನಿಜಕ್ಕೂ ಅಪಾಯ.

ರೈಲಿಗೆ ಸರ್ಕಾರಿ ಆ್ಯಪ್ 12306. ಅದರಲ್ಲಿ ಪಾಸ್‌ಪೋರ್ಟ್ ನೋಂದಾಯಿಸಲು ಸಮಯ ಹಿಡಿಯುವುದರಿಂದ ಹೊರಡುವ ಮೊದಲೇ ಮುಗಿಸಿ. ಟಿಕೆಟ್ ಮಾರಾಟ ಸುಮಾರು 15 ದಿನ ಮುಂಚೆ ತೆರೆಯುತ್ತದೆ. ಪಾಸ್‌ಪೋರ್ಟೇ ಟಿಕೆಟ್ ಆದ್ದರಿಂದ ಸ್ಥಳೀಯರು ಗುರುತಿನ ಚೀಟಿ ಒತ್ತಿ ಹೋಗುವ ಬಾಗಿಲಿನ ಪಕ್ಕದಲ್ಲಿ ಸಿಬ್ಬಂದಿ ನಿಂತ ಸಾಲಿಗೆ ಹೋಗಬೇಕು. ನಿಲ್ದಾಣಕ್ಕೆ ಒಂದು ಗಂಟೆ ಮೊದಲೇ ತಲುಪಿ: ಚೀಲದ ತಪಾಸಣೆ ಕಡ್ಡಾಯ, ಚಾಕು ಮತ್ತು ಸ್ಪ್ರೇ ಡಬ್ಬಿಗಳು ಅಲ್ಲಿಯೇ ಉಳಿಯುತ್ತವೆ, ಮತ್ತು ರೈಲು ಹೊರಡುವ ಕೆಲವು ನಿಮಿಷ ಮೊದಲು ಬಾಗಿಲು ಮುಚ್ಚುತ್ತದೆ. ಮಂಡ್ಯ ನಿಲ್ದಾಣದಲ್ಲಿ ಹೊರಟ ರೈಲನ್ನು ಓಡಿ ಹಿಡಿದ ಅನುಭವ ಅಲ್ಲಿ ಉಪಯೋಗಕ್ಕೆ ಬಾರದು.

ಗಂಟೆಗೆ 350 ಕಿ.ಮೀ. ವರೆಗೆ ಓಡುವ ವೇಗದ ರೈಲನ್ನು ಒಮ್ಮೆಯಾದರೂ ಹತ್ತಿ, ಆದರೆ ಒಂದು ರಾತ್ರಿಯನ್ನು ಹಳೆಯ ಮಲಗುವ ಬೋಗಿಗೆ ಕೊಡಿ. ಬೀಜಿಂಗ್‌ನಿಂದ ಷಿಆನ್‌ಗೆ ನಾವು ಹೋದದ್ದು ಹಾಗೆ. ಒಂದು ಕಡೆ ಮೂರು, ಎದುರಿಗೆ ಮೂರು ಬರ್ತ್‌ಗಳು, ಬಾಗಿಲಿಲ್ಲ. ಮೇಲಿನ ಬರ್ತ್‌ನಲ್ಲಿ ಕುಳಿತುಕೊಳ್ಳುವಷ್ಟು ಎತ್ತರವಿರುವುದಿಲ್ಲ, ಸಿಕ್ಕರೆ ಕೆಳಗಿನದನ್ನೇ ತೆಗೆದುಕೊಳ್ಳಿ. ಪ್ರತಿ ಬೋಗಿಯಲ್ಲಿ ಕುದಿಯುವ ನೀರಿನ ನಲ್ಲಿ ಇರುತ್ತದೆ, ಎಲ್ಲರ ಕೈಯಲ್ಲಿ ಫ್ಲಾಸ್ಕ್ ಇರುತ್ತದೆ. ನೀವೂ ಒಂದು ಸ್ಟೀಲಿನ ಫ್ಲಾಸ್ಕ್ ಒಯ್ಯಿರಿ. ಅಮ್ಮ ಕಟ್ಟಿಕೊಟ್ಟಿದ್ದ ರಾಗಿ ಹುರಿಹಿಟ್ಟನ್ನು ಆ ನೀರಿಗೆ ಬೆಲ್ಲದೊಂದಿಗೆ ಕಲಸಿದಾಗ ಎದುರಿನ ಬರ್ತ್‌ನ ಅಜ್ಜಿ ಬಗ್ಗಿ ನೋಡಿ ಕೈ ಚಾಚಿದರು, ಒಂದು ಚಮಚ ತಿಂದರು, ನಮಗೆ ಎರಡು ಕಿತ್ತಳೆ ಕೊಟ್ಟರು. ಹುರಿಹಿಟ್ಟು ಮತ್ತು ಚಟ್ನಿಪುಡಿ ನಮಗೆ ಬಹಳ ಒದಗಿದವು, ಆದರೆ ತಾಜಾ ಹಣ್ಣು, ಮಾಂಸ, ಹಾಲಿನ ಪದಾರ್ಥ, ಬಿತ್ತನೆ ಬೀಜಗಳನ್ನು ಆ ದೇಶಕ್ಕೆ ಒಯ್ಯುವಂತಿಲ್ಲ.

ಸಸ್ಯಾಹಾರಿಗಳು ‘ವೊ ಛ್ ಸೂ’, ಅಂದರೆ ನಾನು ಸಸ್ಯಾಹಾರಿ, ಎಂಬ ಮಾತನ್ನು ಚೀನೀ ಲಿಪಿಯಲ್ಲಿ ಒಂದು ಚೀಟಿಯ ಮೇಲೆ ಬರೆಸಿಕೊಳ್ಳಿ, ಹಂದಿಯ ಕೊಬ್ಬೂ ಬೇಡ ಎಂಬುದನ್ನು ಅದರ ಕೆಳಗೆ ಸೇರಿಸಿ, ಏಕೆಂದರೆ ತರಕಾರಿಯನ್ನೂ ಅದರಲ್ಲಿ ಬಾಡಿಸುವುದುಂಟು. ಹುಳಿಖಾರ ಹಾಕಿ ಎಳೆಯಾಗಿ ಹೆಚ್ಚಿದ ಆಲೂಗಡ್ಡೆ, ಬದನೆ-ಆಲೂ-ಮೆಣಸಿನಕಾಯಿ ಸೇರಿದ ಪಲ್ಯ, ತೋಫು, ಮೊಟ್ಟೆ ತಿನ್ನುವವರಿಗೆ ಟೊಮೆಟೊ ಮೊಟ್ಟೆ, ಇವು ಬಹಳ ಕಡೆ ಸಿಗುತ್ತವೆ. ದೊಡ್ಡ ಬೌದ್ಧ ದೇವಾಲಯಗಳ ಅಕ್ಕಪಕ್ಕ ಶುದ್ಧ ಸಸ್ಯಾಹಾರದ ಊಟದ ಮನೆಗಳನ್ನು ಹುಡುಕಿ.

ಷಿಆನ್‌ನಲ್ಲಿ ಎಲ್ಲರೂ ಮಣ್ಣಿನ ಸೈನಿಕರನ್ನು ನೋಡಲು ಹೋಗುತ್ತಾರೆ, ನೀವೂ ಹೋಗಿ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಸೈನ್ಯವದು. ಆದರೆ ಕನ್ನಡಿಗರು ದೊಡ್ಡ ಹೆಬ್ಬಾತಿನ ಪಗೋಡವನ್ನು ಬಿಡಬಾರದು. ಶಾಲೆಯಲ್ಲಿ ಇಮ್ಮಡಿ ಪುಲಿಕೇಶಿಯ ಪಾಠದಲ್ಲಿ ಓದಿದ ಹ್ಯುಯೆನ್ ತ್ಸಾಂಗ್ 645ರಲ್ಲಿ ಭಾರತದಿಂದ ಮರಳಿದ್ದು ಈ ಊರಿಗೇ, ಹೊತ್ತು ತಂದ ಗ್ರಂಥಗಳನ್ನು ಇರಿಸಲು 652ರಲ್ಲಿ ಕಟ್ಟಿದ್ದು ಈ ಗೋಪುರವನ್ನೇ. ಚಾಲುಕ್ಯರ ನಾಡನ್ನು ಕಣ್ಣಾರೆ ಕಂಡು ಬರೆದವರೊಬ್ಬರು ನಡೆದಾಡಿದ ಅಂಗಳವದು ಎಂದು ನೆನೆದು ನಾವಿಬ್ಬರೂ ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದೆವು.

ಇಬ್ಬರು ಹೋಗುವವರು ಕೆಲಸ ಹಂಚಿಕೊಳ್ಳಬೇಕು. ನಮ್ಮಲ್ಲಿ ಹಣದ ಲೆಕ್ಕ ನನ್ನದು, ದಾರಿ ಅವನದು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ದಾರಿಯ ನಡುವೆ ತಲೆಹಾಕಬಾರದೆಂದು ಮೊದಲೇ ಮಾತಾಡಿಕೊಂಡಿದ್ದೆವು. ಪ್ರತಿ ಬೆಳಗ್ಗೆ ಸಮಪಾಲು ಹಣವನ್ನು ಒಟ್ಟುಗೂಡಿಸಿ ಊಟ, ಟ್ಯಾಕ್ಸಿಗಳನ್ನು ಅದರಿಂದಲೇ ಕೊಟ್ಟದ್ದರಿಂದ ಯಾರು ಎಷ್ಟು ಕೊಟ್ಟರೆಂಬ ಮಾತು ಬರಲಿಲ್ಲ. ಐದನೆಯ ದಿನ ದಣಿದು ಸಣ್ಣ ವಿಷಯಕ್ಕೆ ಮುನಿಸಿಕೊಂಡೆವು. ಅದಕ್ಕೆ ಕಂಡುಕೊಂಡ ದಾರಿಯೆಂದರೆ ಅರ್ಧ ದಿನ ಬೇರೆ ಬೇರೆ ತಿರುಗುವುದು: ಅವನು 14 ಕಿ.ಮೀ. ಸುತ್ತಳತೆಯ ಷಿಆನ್ ಕೋಟೆಗೋಡೆಯ ಮೇಲೆ ಬಾಡಿಗೆ ಸೈಕಲ್ ಹತ್ತಿದ, ನಾನು ಗಲ್ಲಿಗಳಲ್ಲಿ ಅಡ್ಡಾಡಿದೆ. ಸಂಜೆ ಇಬ್ಬರಿಗೂ ಹೇಳಲು ಬೇಕಾದಷ್ಟಿತ್ತು. ತಪ್ಪಿಸಿಕೊಂಡರೆ ಕೊನೆಯದಾಗಿ ಜೊತೆಯಲ್ಲಿದ್ದ ಜಾಗಕ್ಕೆ ಬಂದು ಅರ್ಧ ಗಂಟೆ ಕಾಯುವುದು, ಆಮೇಲೆ ಕೋಣೆಗೆ ಹೋಗುವುದು ಎಂಬ ನಿಯಮವಿರಲಿ. ಕೋಣೆಯ ವಿಳಾಸದ ಚೀನೀ ಚೀಟಿ ಇಬ್ಬರ ಜೇಬಿನಲ್ಲಿಯೂ ಇರಲಿ. ವಿದೇಶಿಯರು ಬಂದ 24 ಗಂಟೆಯೊಳಗೆ ಪೊಲೀಸರಲ್ಲಿ ವಾಸ್ತವ್ಯ ದಾಖಲಾಗಬೇಕು. ಹೋಟೆಲಿನವರು ಅದನ್ನು ಅವರೇ ಮಾಡುತ್ತಾರೆ, ಪರಿಚಿತರ ಮನೆಯಲ್ಲಿ ಉಳಿದರೆ ನೀವೇ ಅದನ್ನು ಮಾಡಿಸಿಕೊಳ್ಳಬೇಕು.

ಕೊನೆಯ ನಾಲ್ಕು ದಿನವನ್ನು ಯಾಂಗ್‌ಶುವೊಗೆ ಉಳಿಸಿಕೊಳ್ಳಿ. ಅಲ್ಲಿಂದ ಬಸ್ಸಿನಲ್ಲಿ ಶಿಂಗ್‌ಪಿಂಗ್ ಎಂಬ ಹಳೆಯ ಊರಿಗೆ ಹೋಗಿ ಲೀ ನದಿಯ ದಡದಲ್ಲಿ ನಿಂತು 20 ಯುವಾನ್ ನೋಟಿನ ಹಿಂಬದಿಯನ್ನು ಎತ್ತಿ ಹಿಡಿದರೆ, ಅದರಲ್ಲಿರುವ ಸುಣ್ಣಕಲ್ಲಿನ ಗುಡ್ಡಗಳೇ ಎದುರಿಗಿರುತ್ತವೆ. ಚೀನಾದಲ್ಲಿ ಅತಿ ಹೆಚ್ಚು ಕಬ್ಬು ಬೆಳೆಯುವುದು ಈ ಗುವಾಂಗ್‌ಶಿ ಪ್ರದೇಶ, ನವೆಂಬರ್ ಎಂದರೆ ಕಟಾವಿನ ಕಾಲ. ಬಸ್ ನಿಲ್ದಾಣದ ಬಳಿ ಒಬ್ಬಾಕೆ ಕಬ್ಬಿನ ಹೊರೆ ನಿಲ್ಲಿಸಿಕೊಂಡು ಕುಳಿತಿದ್ದಳು. ನಾನು ಒಂದು ಜಲ್ಲೆಯ ಗಿಣ್ಣು ಮುಟ್ಟಿ ನೋಡಿ, ಬುಡದ ಕಡೆಯದು ಬೇಕೆಂದು ಕೈಸನ್ನೆ ಮಾಡಿದ್ದಕ್ಕೆ ಆಕೆ ನನ್ನ ಮುಖವನ್ನು ಒಮ್ಮೆ ನೋಡಿ, ಮಾತಾಡದೆ ಬೇರೊಂದು ಒಳ್ಳೆಯ ಜಲ್ಲೆ ಎಳೆದು, ಸಿಪ್ಪೆ ಹೆರೆದು, ಗಿಣ್ಣು ಬಿಟ್ಟು ತುಂಡು ಮಾಡಿಕೊಟ್ಟಳು. ತುಂಡುಗಳ ಜೊತೆಗೆ ಇನ್ನೊಂದು ಖಾಲಿ ಚೀಲವನ್ನೂ ಕೊಡುತ್ತಾರೆ. ಅಗಿದ ಸಿಪ್ಪೆಯನ್ನು ರಸ್ತೆಗೆ ಉಗುಳದೆ ಅದರಲ್ಲಿ ಹಾಕಿಕೊಳ್ಳಿ.