ಶಾಲೆಯಲ್ಲಿ ತಾರತಮ್ಯ: ಮಕ್ಕಳ ಅನುಭವವನ್ನು ಅರಿಯುವ ಮತ್ತು ಸರಿಪಡಿಸುವ ಬಗೆ

ತಾರತಮ್ಯದ ದೂರು ಬಂದಾಗ ಶಾಲೆಯಲ್ಲಿ ಮೊದಲು ಕೇಳಿಬರುವ ಮಾತು ‘ಆ ಶಿಕ್ಷಕರಿಗೆ ಅಂಥ ಉದ್ದೇಶವಿರಲಿಲ್ಲ’ ಎಂಬುದು. ಉದ್ದೇಶದ ವಿಚಾರಣೆ ಬೇಡವೆಂದಲ್ಲ. ಅದನ್ನೇ ಮೊದಲು ಎತ್ತಿಕೊಂಡರೆ ಮಗುವಿಗೆ ಏನಾಯಿತು ಎಂಬುದು ದಾಖಲಾಗುವ ಮುನ್ನವೇ ಚರ್ಚೆ ಮುಗಿದುಹೋಗುತ್ತದೆ. ಯುನೆಸ್ಕೊ 1960ರಲ್ಲಿ ಅಂಗೀಕರಿಸಿದ ಶಿಕ್ಷಣದಲ್ಲಿನ ತಾರತಮ್ಯದ ವಿರುದ್ಧದ ಒಡಂಬಡಿಕೆಯು ಸಮಾನತೆಗೆ ಧಕ್ಕೆ ತರುವ ಉದ್ದೇಶವನ್ನು ಮಾತ್ರವಲ್ಲ, ಪರಿಣಾಮವನ್ನೂ ತಾರತಮ್ಯದ ವ್ಯಾಖ್ಯೆಯಲ್ಲಿ ಸೇರಿಸಿದೆ. ಆದ್ದರಿಂದ ಮಕ್ಕಳ ಅನಿಸಿಕೆಯಿಂದಲೇ ಕೆಲಸ ಆರಂಭಿಸಬೇಕು.

ಇದಕ್ಕೆ ಹೆಸರು ಬರೆಯದ ಪ್ರಶ್ನಾವಳಿ ಸಾಕು. ‘ಇಲ್ಲಿ ತಾರತಮ್ಯವಿದೆಯೇ?’ ಎಂದು ಕೇಳಿದರೆ ಮಕ್ಕಳು ಶಾಲೆ ಬಯಸುವ ಉತ್ತರವನ್ನೇ ಬರೆಯುತ್ತಾರೆ. ಅದರ ಬದಲು ‘ಕಳೆದ ಎರಡು ವಾರಗಳಲ್ಲಿ ಆಟದ ಗುಂಪಿನಿಂದ ನಿನ್ನನ್ನು ಹೊರಗಿಟ್ಟದ್ದುಂಟೇ? ನಿನ್ನ ಮಾತು, ಮೈಬಣ್ಣ, ಮನೆತನ ಅಥವಾ ಅಂಗವೈಕಲ್ಯವನ್ನು ಯಾರಾದರೂ ಆಡಿಕೊಂಡರೇ?’ ಎಂದು ನಡೆದ ಸಂಗತಿಯನ್ನೇ ಕೇಳಬೇಕು. ಉತ್ತರಗಳನ್ನು ಗುಂಪುವಾರು ವಿಂಗಡಿಸುವಾಗ ಒಂದು ಗುಂಪಿನಲ್ಲಿ ಇಬ್ಬರು ಮೂವರೇ ಇದ್ದರೆ ಆ ಅಂಕಿಗಳನ್ನು ಪ್ರಕಟಿಸಬಾರದು, ಏಕೆಂದರೆ ಹೆಸರಿಲ್ಲದಿದ್ದರೂ ಅವರು ಯಾರೆಂಬುದು ಎಲ್ಲರಿಗೂ ತಿಳಿದುಬಿಡುತ್ತದೆ.

ಎರಡನೆಯ ಸಾಧನ ಎಣಿಕೆ. ಸಹೋದ್ಯೋಗಿಯೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು, ಯಾವ ಮಗುವಿಗೆ ಪ್ರಶ್ನೆ ಹೋಯಿತು, ಉತ್ತರಕ್ಕೆ ಎಷ್ಟು ಹೊತ್ತು ಕಾಯಲಾಯಿತು, ಯಾರನ್ನು ಗದರಲಾಯಿತು ಎಂಬುದನ್ನು ಆಸನಗಳ ನಕ್ಷೆಯ ಮೇಲೆ ಗೀಟು ಹಾಕುತ್ತ ಹೋಗಲಿ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡಷ್ಟೇ ಕಾಯುತ್ತಾರೆ, ದಡ್ಡರೆಂದು ತಾವು ಭಾವಿಸಿದವರಿಗೆ ಇನ್ನೂ ಕಡಿಮೆ ಸಮಯ ಕೊಡುತ್ತಾರೆ ಎಂಬುದನ್ನು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರ ಅಧ್ಯಯನಗಳು ತೋರಿಸಿದ್ದವು. ಮೂರು ಸೆಕೆಂಡು ಕಾದಾಗ ಉತ್ತರಗಳು ದೀರ್ಘವಾದವು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು. ಈ ನಕ್ಷೆಯನ್ನು ಮೊದಲ ಬಾರಿ ನೋಡುವ ಶಿಕ್ಷಕರಿಗೆ ಮುಜುಗರವಾಗುವುದು ಸಹಜ; ಅದನ್ನು ಅವರ ಕೆಲಸದ ಮೌಲ್ಯಮಾಪನಕ್ಕೆ ಬಳಸುವುದಿಲ್ಲವೆಂದು ಮುಖ್ಯೋಪಾಧ್ಯಾಯರು ಮೊದಲೇ ಹೇಳದಿದ್ದರೆ ಯಾರೂ ಒಪ್ಪಲಾರರು.

ಮಕ್ಕಳ ನಡುವಿನ ಬಿರುಕಿಗೆ ಉಪನ್ಯಾಸದಿಂದ ಆಗುವ ಪ್ರಯೋಜನ ಕಡಿಮೆ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ, ಬೇರೆ ಬೇರೆ ಜನಾಂಗಗಳ ಮಕ್ಕಳನ್ನು ಆಗಷ್ಟೇ ಒಂದೇ ಶಾಲೆಗೆ ತಂದಿದ್ದಾಗ, ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ‘ಜಿಗ್ಸಾ’ (ತುಂಡು ಜೋಡಿಸಿ ಚಿತ್ರ ಮಾಡುವ ಆಟದ ಹೆಸರು) ತರಗತಿಯನ್ನು ರೂಪಿಸಿದರು. ಪಾಠವನ್ನು ಐದಾರು ತುಂಡು ಮಾಡಿ, ಮಿಶ್ರ ಗುಂಪಿನ ಪ್ರತಿ ಮಗುವಿಗೂ ಒಂದೊಂದನ್ನು ಕೊಡಬೇಕು. ಒಂದೇ ತುಂಡು ಪಡೆದವರು ಮೊದಲು ಕೂಡಿ ಕಲಿತು, ಬಳಿಕ ತಮ್ಮ ಗುಂಪಿಗೆ ಮರಳಿ ಕಲಿಸುತ್ತಾರೆ. ಉಳಿದವರಿಗೆ ಆ ಭಾಗ ಬೇರೆಲ್ಲೂ ಸಿಗದ ಕಾರಣ, ಕಡೆಗಣಿಸಿದ ಮಗುವಿನ ಮಾತಿಗೂ ಕಿವಿಗೊಡಲೇಬೇಕಾಗುತ್ತದೆ. ಒಮ್ಮೆ ಮಾಡಿ ಬಿಟ್ಟರೆ ಇದು ಬರಿಯ ಆಟವಾಗುತ್ತದೆ. ಕೆಲವು ವಾರವಾದರೂ ಮುಂದುವರಿಸಬೇಕು.

ದೂರು ಸ್ವೀಕರಿಸುವವರು ಇಬ್ಬರಾದರೂ ಇರಲಿ, ಏಕೆಂದರೆ ದೂರು ಅವರಲ್ಲೊಬ್ಬರ ಮೇಲೆಯೇ ಇರಬಹುದು. ಮಗುವಿನ ಮಾತನ್ನು ಅದರದೇ ಪದಗಳಲ್ಲಿ ದಿನಾಂಕ ಸಹಿತ ಬರೆದುಕೊಂಡು, ಯಾವ ದಿನದೊಳಗೆ ಉತ್ತರ ಸಿಗುವುದೆಂದು ಅಲ್ಲಿಯೇ ತಿಳಿಸಬೇಕು. ದೂರು ಕೊಟ್ಟ ಮಗುವನ್ನೇ ಬೇರೆ ವಿಭಾಗಕ್ಕೆ ಕಳಿಸುವ ಸುಲಭದ ದಾರಿಯನ್ನು ಹಿಡಿಯಬಾರದು. ಅದನ್ನು ಕಂಡ ಉಳಿದ ಮಕ್ಕಳು ಮುಂದೆ ಯಾವ ಪ್ರಶ್ನಾವಳಿಯಲ್ಲೂ ನಿಜ ಬರೆಯುವುದಿಲ್ಲ.